ಹಳದಿ ಕೋಟಿನ ಹೆಂಗಸು

"ಈಗ ಏನಾತು?" ಹೃಷಿಕೇಶ್ ತಲೆಯನ್ನು ಅವಳ ಕಡೆ ವಾಲಿಸಿ ಕೇಳಿದರು.

"ಆಕಾಶದಿಂದ ಚಕ್ರದಂಥ ಹಡಗು ಕೆಳಗೆ ಇಳೀತಿದೆ ಸರ್. ಇಡೀ ಊರಿನಷ್ಟು ದೊಡ್ಡದು. ಬೂದು ಬಣ್ಣ. ಅದರ ನೆರಳು ಒಂದೊಂದೇ ಬೀದಿ ಮೇಲೆ ಬೀಳ್ತಾ ಬರ್ತಿದೆ," ಎಂದು ಧಾರಿಣಿ ಪಿಸುಗುಟ್ಟಿದಳು.

"ಮಂದಿ?"

"ಮೇಲೆ ನೋಡ್ತಿದಾರೆ."

ಅಷ್ಟರಲ್ಲಿ ಸದ್ದು ಬಂತು. ಕುರ್ಚಿಯ ತೋಳುಗಳು ನಡುಗಿದವು, ಯಾರದೋ ಮಡಿಲಲ್ಲಿದ್ದ ಪಾಪ್‌ಕಾರ್ನ್ ನೆಲಕ್ಕೆ ಚೆಲ್ಲಿತು. ಪರದೆಯ ಮೇಲೆ ಎತ್ತರದ ಕಟ್ಟಡವೊಂದು ಮಂಡಿ ಊರಿದ ಹಾಗೆ ಕುಸಿಯಿತು, ಅದರ ಹಿಂದೆಯೇ ಇನ್ನೊಂದು. ಧಾರಿಣಿ ಒಂದನ್ನೂ ಬಿಡದೆ ಒಪ್ಪಿಸಿದಳು. ಎಡಗಡೆಯ ಗಾಜಿನ ಕಟ್ಟಡ ಬಿತ್ತು. ಸೇತುವೆ ನಡುವೆ ತುಂಡಾಯಿತು. ಬಸ್ಸುಗಳು ನೀರಿಗೆ ಬಿದ್ದವು. ಗಡಿಯಾರದ ಗೋಪುರ ಬಿತ್ತು. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಸ್ಟೇಷನ್ನಿನಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳುವ ಹೆಂಗಸಿನ ದನಿಯ ಹಾಗಿತ್ತು.

"ಮಂದಿ ಏನ ಮಾಡ್ಲಿಕ್ಕತ್ತಾರ?"

"ಓಡ್ತಿದಾರೆ."

"ಯಾರು?"

"ಜನ ಸರ್."

"ಎಷ್ಟು ಜನ?"

"ತುಂಬಾ."

ಹಿಂದಿನ ಸಾಲಿನವನೊಬ್ಬ ಕುರ್ಚಿಗೆ ಮೊಣಕಾಲು ತಾಗಿಸಿ, "ಭಾಯ್ ಸಾಬ್, ಪಿಕ್ಚರ್ ದೇಖನೇ ದೀಜಿಯೇ!" ಎಂದು ಸಿನಿಮಾ ನೋಡಲು ಬಿಡದ್ದಕ್ಕೆ ಗೊಣಗಿದ. ಹೃಷಿಕೇಶ್ ಕಪ್ಪು ಕನ್ನಡಕದ ಮುಖವನ್ನು ಹಿಂದಕ್ಕೆ ತಿರುಗಿಸಿ, "ಮೈಂ ಭೀ ತೋ ದೇಖ್ ರಹಾ ಹೂಂ ಜೀ," ಎಂದು, ತಾವೂ ನೋಡುತ್ತಿರುವುದನ್ನು ಸಮಾಧಾನವಾಗಿ ಹೇಳಿದರು. ಪರದೆಯ ಬೆಳಕಿನಲ್ಲಿ ಅವರ ತೊಡೆಯ ಮೇಲಿದ್ದ ಬಿಳಿಯ ಕೋಲು ಅವನಿಗೆ ಕಂಡಿರಬೇಕು. ಮೊಣಕಾಲು ಹಿಂದೆ ಸರಿಯಿತು.

ಅಷ್ಟು ಹೊತ್ತಿಗೆ ನಗರ ಮುಗಿದಿತ್ತು. ಈಗ ನಾಯಕನ ಕಾರು ಧೂಳಿನ ಮೋಡದ ಮುಂದೆ ಮುಂದೆ ಓಡುತ್ತಿತ್ತು. ಅವನ ಮಕ್ಕಳ ನಾಯಿ ಹಿಂದೆ ಉಳಿದುಬಿಟ್ಟಿತ್ತು. ಅದು ಕೊನೆಯ ಗಳಿಗೆಯಲ್ಲಿ ಓಡಿ ಬಂದು ಕಿಟಕಿಯಿಂದ ಕಾರಿನೊಳಕ್ಕೆ ಹಾರಿದಾಗ ಇಡೀ ಹಾಲ್ ಚಪ್ಪಾಳೆ ತಟ್ಟಿತು. ಪಿಟೀಲು ಶುರುವಾಯಿತು.

"ಚಪ್ಪಾಳೆ ಯಾಕ?"

"ನಾಯಿ ಉಳ್ಕೊಳ್ತು ಸರ್."

ಹೃಷಿಕೇಶ್ ತಲೆಯಾಡಿಸಿದರು.

ಅವರು ಧಾರವಾಡದವರು. ಇಪ್ಪತ್ತು ವರ್ಷದಿಂದ ದಿಲ್ಲಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತ, ಪೀತಮ್‌ಪುರದ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ವೈಜಯಂತಿಯ ಜೊತೆ ಇದ್ದರು. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಅವರ ಕಣ್ಣು ತೆಗೆದುಕೊಂಡು ಹೋಗಿತ್ತು. ಅದಕ್ಕೆ ಮೊದಲು ಕಂಡದ್ದೆಲ್ಲ ಹಾಗೇ ಉಳಿದಿತ್ತು. ನೂರು ಅಂತಸ್ತಿನ ಕಟ್ಟಡ ಎಂದರೆ ಅವರು ಧಾರವಾಡದ ಕಾಲೇಜು ಕಟ್ಟಡದ ಮೇಲೆ ಅದೇ ಕಟ್ಟಡವನ್ನು ಒಂದರ ಮೇಲೊಂದು ಇಟ್ಟುಕೊಳ್ಳುತ್ತ ಹೋಗುವರಂತೆ. ಅವರಿಗೆ ಪುಸ್ತಕ, ಪತ್ರಿಕೆ, ವಿದ್ಯಾರ್ಥಿಗಳ ಉತ್ತರಗಳನ್ನು ಓದಿ ಹೇಳುತ್ತಿದ್ದ ಶಂಕರ ಎಂಬವನು ಜುಲೈನಲ್ಲಿ ಊರಿಗೆ ಹೊರಟುಹೋದ ಮೇಲೆ ಆ ಕೆಲಸಕ್ಕೆ ಧಾರಿಣಿ ಬಂದಿದ್ದಳು. ಎಂ.ಎ. ಮೊದಲ ವರ್ಷ. ವಾರಕ್ಕೆ ಮೂರು ದಿನ ಯೂನಿವರ್ಸಿಟಿಯಿಂದ ಮೆಟ್ರೊ ಹಿಡಿದು ಬರುತ್ತಿದ್ದಳು. ದಂಗೆಯ ವರದಿಯಿರಲಿ, ದಿನಸಿ ಅಂಗಡಿಯ ಜಾಹೀರಾತಿರಲಿ, ಒಂದೇ ದನಿಯಲ್ಲಿ ಓದುವಳು. ಮೊದಲ ವಾರವೇ ಅವರು ಮೆಚ್ಚಿಕೊಂಡಿದ್ದರು: "ಶಂಕರ ಓದಬೇಕಾದ್ರ ತಾನ ನಡುವ ಬರತಿದ್ದ. ನಿನ್ನ ದನಿಯೊಳಗ ನೀ ಇರೂದೇ ಇಲ್ಲ ನೋಡು. ಛೊಲೋ ಓದತಿ."

ಆ ಮಾತು ಧಾರಿಣಿಗೆ ಹಿತವಾಗಲೂ ಇಲ್ಲ, ನೋಯಲೂ ಇಲ್ಲ. ನಾಲ್ಕು ವರ್ಷದಿಂದ ಹೆಚ್ಚಿನ ಸಂಗತಿಗಳು ಹಾಗೆಯೇ ಇದ್ದವು.

ಈ ಸಿನಿಮಾಕ್ಕೆ ಅವರು ಬಂದದ್ದು ಕೆಲಸದ ಮೇಲೆಯೇ. ಕಾಲೇಜಿನ ಚಿತ್ರಸಂಘದ ಹುಡುಗರು ಬುಧವಾರ ಒಂದು ಚರ್ಚೆ ಇಟ್ಟಿದ್ದರು. ದೊಡ್ಡ ದೊಡ್ಡ ವೈಜ್ಞಾನಿಕ ಕಥೆಯ ಸಿನಿಮಾಗಳಲ್ಲಿ ಕೋಟಿಗಟ್ಟಲೆ ಜನ ಸಾಯುತ್ತಾರೆ, ಆದರೆ ನೋಡುವವರ ಎದೆಗೆ ಆ ಸಾವು ತಟ್ಟುತ್ತದೆಯೇ ಎನ್ನುವುದು ವಿಷಯ. ದೇಶ ವಿಭಜನೆಯ ಬಗ್ಗೆ ಪುಸ್ತಕ ಬರೆದ ಮೇಷ್ಟ್ರು ಎಂದು ಹೃಷಿಕೇಶರನ್ನೇ ಮುಖ್ಯ ಭಾಷಣಕ್ಕೆ ಕರೆದಿದ್ದರು. "ಕಾಣದ ಸಿನಿಮಾ ಬಗ್ಗೆ ಮಾತಾಡಿದ್ರ ಹುಡುಗರು ಸುಮ್ನ ಬಿಡೂದಿಲ್ಲ," ಎಂದು ನಗುತ್ತ ಶನಿವಾರ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ತರಿಸಿದ್ದರು.

ಇಂಟರ್‌ವೆಲ್ ಬಂತು. ಹೊರಗಿನ ಹಜಾರದಲ್ಲಿ ಗೋಡೆಗೆ ಒರಗಿ ನಿಂತು ಹೃಷಿಕೇಶ್ ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುತ್ತ ಮಕ್ಕಳು ಕೈಯನ್ನೇ ಚಕ್ರ ಮಾಡಿಕೊಂಡು ಒಬ್ಬರ ತಲೆಯ ಮೇಲೊಬ್ಬರು ಇಳಿಸುತ್ತಿದ್ದರು.

"ಕಟ್ಟಡ ಬಿದ್ದದ್ದು ನನಗ ಹೊಟ್ಟಿಯೊಳಗ ಕೇಳಸ್ತು," ಎಂದರು. "ಮಂದಿ ಸತ್ತದ್ದು ಎಲ್ಲೂ ಕೇಳಸಲಿಲ್ಲ. ನಾಲ್ಕು ನಿಮಿಷ ಗದ್ದಲ, ಆಮ್ಯಾಲೆ ಪಿಟೀಲು. ಆ ಪಿಟೀಲು ಯಾರ ಸಲುವಾಗಿ? ನಾಯಿ ಸಲುವಾಗಿ?"

"ಅವರನ್ನ ತೋರ್ಸೋದೇ ಇಲ್ಲ ಸರ್. ಇಷ್ಟಿಷ್ಟೇ ಕಾಣ್ತಾರೆ. ಇರುವೆ ಥರ."

"ತೋರಸೂದಿಲ್ಲೋ, ನೀ ನೋಡೂದಿಲ್ಲೋ?"

ಅವರು ಜಗಳಕ್ಕೆ ಕೇಳಿದ್ದಲ್ಲ. ಪಾಠದಲ್ಲಿ ಕೇಳುವ ಹಾಗೇ ಕೇಳಿದ್ದು.

"ಕಟ್ಟಡ ಬಂದ್ರ ಎಡಗಡೆ, ಬಲಗಡೆ, ಗಾಜಿಂದು, ಕಲ್ಲಿಂದು ಅಂತ ಎಲ್ಲಾ ಹೇಳತಿ. ಮಂದಿ ಬಂದಕೂಡ್ಲೇ 'ಜನ' ಅಂದು ಮುಗಿಸಿಬಿಡತಿ. ಒಂದು ಕೆಲಸ ಮಾಡು. ಈಗ ಒಳಗ ಹೋದಮ್ಯಾಲೆ ಒಬ್ಬರನ್ನ ಹಿಡಿ. ಯಾರನ್ನರೆ ಒಬ್ಬರನ್ನ. ನಾಯಕ ಬ್ಯಾಡ, ನಾಯಕನ ಹೆಂಡತಿ ಬ್ಯಾಡ. ಆ ಗದ್ದಲದೊಳಗಿನ ಒಬ್ಬರು. ಅವರು ಸಾಯೂತನಕ ಅವರ ಮ್ಯಾಲಿಂದ ಕಣ್ಣು ತಗೀಬ್ಯಾಡ. ನನಗ ಅವರದಷ್ಟೇ ಹೇಳು."

"ಅಚ್ಛಾ ಸರ್," ಎಂದಳು ಧಾರಿಣಿ.

ಮತ್ತೆ ಕತ್ತಲಾಯಿತು. ಹತ್ತು ಹದಿನೈದು ನಿಮಿಷ ಸೈನ್ಯದ ಕೋಣೆ, ಭೂಪಟ, ಸಿಟ್ಟಿನ ಜನರಲ್, ಬಿಳಿ ಕೋಟಿನ ವಿಜ್ಞಾನಿ. ಇಂಗ್ಲಿಷ್ ಮಾತು ಹೃಷಿಕೇಶರಿಗೇ ಅರ್ಥವಾಗುತ್ತಿದ್ದುದರಿಂದ ಅವಳು ಸುಮ್ಮನಿದ್ದಳು. ಆಮೇಲೆ ಎರಡನೆಯ ನಗರ ಬಂತು. ಸಂಜೆ ಹೊತ್ತು. ಅಂಗಡಿಗಳ ಬೀದಿ, ಹಬ್ಬವೋ ಏನೋ, ದೀಪದ ಸರಗಳು. ಜನ ಚೀಲ ಹಿಡಿದು ಓಡಾಡುತ್ತಿದ್ದರು. ಧಾರಿಣಿ ಪರದೆಯ ಮೂಲೆಮೂಲೆ ಹುಡುಕಿದಳು.

"ಸಿಕ್ಕರೇನು?"

"ಸಿಕ್ಕಿದ್ರು. ಒಬ್ಬ ಹೆಂಗಸು. ಹಳದಿ ಕೋಟು. ಬಲಗಡೆ, ಅಂಗಡಿ ಮುಂದೆ ನಿಂತಿದಾಳೆ. ಕೈಯಲ್ಲಿ ಕಾಗದದ ಚೀಲ ಇದೆ."

"ವಯಸ್ಸು?"

"ನಲವತ್ತು ಇರಬಹುದು."

ಅಷ್ಟೇ. ದೃಶ್ಯ ಬದಲಾಯಿತು. ಈಗ ಅಲ್ಲಿ ಮತ್ತೆ ಜನರಲ್‌ನ ಮುಖ, ಮುಖದ ತುಂಬ ಬೆವರು. ಹಳದಿ ಕೋಟು ಅರ್ಧ ಸೆಕೆಂಡು ಇದ್ದಿರಬೇಕು. ಕಣ್ಣು ತೆಗೆಯಬೇಡ ಎಂದಿದ್ದರು. ಅವಳು ತೆಗೆದಿರಲಿಲ್ಲ. ಸಿನಿಮಾದವರೇ ಆ ಹೆಂಗಸನ್ನು ತೆಗೆದುಕೊಂಡು ಹೋಗಿದ್ದರು.

"ಆಕಿ ಏನ ಮಾಡ್ಲಿಕ್ಕತ್ತಾಳ?"

ಕಾಣಿಸುತ್ತಿಲ್ಲ ಸರ್ ಎಂದರೆ ಆಗಿಹೋಗುತ್ತಿತ್ತು. ಆದರೆ ಧಾರಿಣಿಯ ಬಾಯಿ, "ಅಂಗಡಿಯವನ ಹತ್ರ ಏನೋ ಕೇಳ್ತಿದಾಳೆ," ಎಂದಿತು.

"ಏನು?"

"ಎರಡು ಒಡ್ದಿದೆ, ಬದಲಾಯಿಸಿ ಕೊಡು ಅಂತ."

"ಏನು ಒಡದದ?"

"ಹಣತೆ."

ಸ್ಪೀಕರಿನಲ್ಲಿ ಜನರಲ್ ಯಾರಿಗೋ ಫೋನಿನಲ್ಲಿ ಕೂಗಾಡುತ್ತಿದ್ದ. ಆ ಬೀದಿ ಈಗ ಪರದೆಯ ಮೇಲಿಲ್ಲ ಎಂದು ಹೃಷಿಕೇಶರ ಕಿವಿಗೆ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ. ಅವರು ಕೋಲನ್ನು ತೊಡೆಯ ಮೇಲಿಂದ ತೆಗೆದು ಕಾಲಿನ ಪಕ್ಕಕ್ಕೆ ಇಟ್ಟರು. "ಹೂಂ. ಹೇಳವಾ," ಎಂದರು.

"ಅಂಗಡಿಯವನು ಬಗ್ಗಿ ಬೇರೆ ಹುಡುಕ್ತಿದಾನೆ. ಹುಲ್ಲಿನ ಕೆಳಗೆ ಇಟ್ಟಿರ್ತಾನಲ್ಲ, ಅಲ್ಲಿ. ಅವಳು ಸೆರಗನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡಿದಾಳೆ. ತುಂಬಾ ಜನ, ತಳ್ತಿದಾರೆ."

"ಆಕೀ ಜೋಡಿ ಯಾರಿದ್ದಾರ?"

"ಮಗಳು. ಸ್ವಲ್ಪ ದೂರ. ಓಲೆ ಅಂಗಡೀಲಿ. ಇಲ್ಲೇ ಇರು, ಬಂದೆ ಅಂತ ಹೇಳಿ ಹೋಗಿದಾಳೆ."

"ಮಗಳು ಆಕೀನ್ನ ನೋಡ್ಲಿಕ್ಕತ್ತಾಳೇನು?"

"ಇಲ್ಲ. ಹ್ಞೂಂ ಅಂದ್ಲು. ತಲೆ ಎತ್ತಲಿಲ್ಲ. ಕನ್ನಡೀಲಿ ಓಲೆ ನೋಡ್ಕೊಳ್ತಿದ್ಲು."

ಆಗ ಪರದೆಯ ಮೇಲೆ ಆ ಬೀದಿ ಮತ್ತೆ ಬಂದೇ ಬಂತು. ಚಕ್ರ ಮೋಡ ಸೀಳಿಕೊಂಡು ಇಳಿಯಿತು, ದೀಪದ ಸರಗಳು ಆರಿದವು. ಅಂಗಡಿಗಳ ಸಾಲು ರಟ್ಟಿನ ಪೆಟ್ಟಿಗೆಗಳ ಹಾಗೆ ಎದ್ದು ಹಾರಿತು. ಹಾಲಿನ ನಾಲ್ಕೂ ಗೋಡೆಯಿಂದ ಸದ್ದು ಬಂತು, ನೆಲದಿಂದ ಬಂತು, ಒಂದು ನಿಮಿಷ, ಎರಡು ನಿಮಿಷ, ನಿಲ್ಲಲೇ ಇಲ್ಲ. ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು.

"ಇಷ್ಟು ಸದ್ದು ಇರಲ್ಲ ಸರ್," ಎಂದಳು ಧಾರಿಣಿ. "ಒಂದೇ ಸಲ. ಆಮೇಲೆ ಏನೂ ಕೇಳ್ಸಲ್ಲ. ಜನ ಬಾಯಿ ತೆಗೀತಿರ್ತಾರೆ, ಏನೂ ಕೇಳ್ಸಲ್ಲ."

ದನಿ ಹಾಗೇ ಇತ್ತು. ಪ್ಲಾಟ್‌ಫಾರ್ಮ್ ನಂಬರ್ ಹೇಳುವ ದನಿ. ತುಟಿಯ ಮೇಲೆ ಪಾಪ್‌ಕಾರ್ನಿನ ಉಪ್ಪಿದೆ ಎಂದು ಅವಳಿಗೆ ತಿಳಿಯುತ್ತಿತ್ತು, ಬೆರಳ ತುದಿ ತಣ್ಣಗಾಗಿದೆ ಎಂದೂ ತಿಳಿಯುತ್ತಿತ್ತು. ಅಳು ಬರಬಹುದೆಂದು ಅವಳು ಕಾದಳು. ಬರುವುದೋ ಇಲ್ಲವೋ ತಿಳಿಯದ ಬಸ್ಸಿಗೆ ಕಾಯುವ ಹಾಗೆ ಕಾದಳು. ಬರಲಿಲ್ಲ.

ಮುಂದಿನ ಮುಕ್ಕಾಲು ಗಂಟೆ ಭೂಮಿ ಹೇಗೆ ಉಳಿಯಿತೆಂಬುದನ್ನು ಒಬ್ಬರು ಕಿವಿಯಿಂದ, ಒಬ್ಬಳು ಕಣ್ಣಿಂದ ಕೇಳುತ್ತ ನೋಡುತ್ತ ಕೂತರು. ಕೊನೆಗೆ ನಾಯಕ ಹೆಂಡತಿಯನ್ನು ಅಪ್ಪಿಕೊಂಡ. ದೀಪ ಹತ್ತಿತು. ಹಿಂದಿನ ಸಾಲಿನವನು ಹೊರಡುವಾಗ ಹೃಷಿಕೇಶರ ಭುಜ ಮುಟ್ಟಿ, "ಸಾರಿ, ಹಾಂ," ಎಂದು ಹೋದ.

ಹೊರಗೆ ನವೆಂಬರಿನ ಬಿಸಿಲು ಆಗಲೇ ಮಂಕಾಗಿತ್ತು. ಅವರು ಅವಳ ಮೊಣಕೈ ಹಿಡಿದು ರಸ್ತೆ ದಾಟಿದರು. ಮೂಲೆಯ ಚಹಾದ ಗಾಡಿಯ ಹತ್ತಿರ ನಿಂತು, "ಭಯ್ಯಾ, ದೋ ಚಾಯ್. ಅದರಕ್ ವಾಲೀ," ಎಂದರು. ಶುಂಠಿ ಜಜ್ಜುವ ಸದ್ದು ನಿಂತ ಮೇಲೆ ಕೇಳಿದರು:

"ಅಮೇರಿಕಾದೊಳಗ ಹಣತಿ ಮಾರತಾರೇನವಾ?"

"ಇಲ್ಲ ಸರ್."

"ಯಾರಾಕಿ?"

"ಅಮ್ಮ." ಧಾರಿಣಿ ಲೋಟದ ಅಂಚನ್ನು ನೋಡುತ್ತ ಹೇಳಿದಳು. "ದೇವಕಿ ಅಂತ. ನಾವು ಸರೋಜಿನಿ ನಗರದಲ್ಲಿರೋದಲ್ವಾ ಸರ್, ಮಾರ್ಕೆಟ್ ನಡ್ಕೊಂಡು ಹೋಗೋ ಅಷ್ಟು ಹತ್ರ. ಎರಡು ಸಾವಿರದ ಐದರಲ್ಲಿ, ದೀವಾಳಿಗೆ ಮೂರು ದಿನ ಇತ್ತು. ನಾನು ಟ್ವೆಲ್ತ್."

ಹೃಷಿಕೇಶರಿಗೆ ಆ ಶನಿವಾರ ಗೊತ್ತಿತ್ತು. ದಿಲ್ಲಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸಂಜೆಯ ಮಾರುಕಟ್ಟೆಯಲ್ಲಿ ಬಾಂಬು ಸಿಡಿದದ್ದನ್ನು ಅವರು ಪೀತಮ್‌ಪುರದ ಮನೆಯಲ್ಲಿ ರೇಡಿಯೊದಲ್ಲಿ ಕೇಳಿದ್ದರು. ಎಷ್ಟು ಜನ ಎಂದು ಹೇಳಿದ್ದರು. ಆ ಸಂಖ್ಯೆ ಅವರಿಗೆ ಈಗ ನೆನಪಿಗೆ ಬರಲಿಲ್ಲ.

"ಮನಿಯೊಳಗ ಯಾರಿಗರೆ ಹೇಳೀಯೇನು, ಈಗ ಹೇಳಿದ್ದು?"

"ನಾನು ಅಲ್ಲೇ ಇದ್ದೆ ಅಂತ ಅಪ್ಪಂಗೆ ಗೊತ್ತು. ಅಷ್ಟೇ."

"ಹಂಗಾರ ನಿನ್ನ ದನಿ ಬಗ್ಗೆ ನಾ ಅಂದದ್ದು ತಪ್ಪಾತು," ಎಂದರು ಹೃಷಿಕೇಶ್. ಚಹಾ ಆರುತ್ತಿತ್ತು. "ಪಿಕ್ಚರಿನವರನ್ನ ಬುಧವಾರ ಛೊಲೋತಂಗ ಬೈಬೇಕು ಅಂತ ಮಾತು ಕೂಡಿಸಿ ಇಟ್ಟಿದ್ದೆ. ಮೂವತ್ತು ವರ್ಷದಿಂದ ನಾನೂ ಕ್ಲಾಸಿನೊಳಗ ಹತ್ತು ಲಕ್ಷ ಮಂದಿ ಸತ್ತರು ಅಂತ ಹೇಳಿ ಮುಂದಿನ ಪಾಠಕ್ಕ ಹೋಗೀನಿ. ಹುಡುಗರು ಬರಕೋತಾರ."

"ಇಪ್ಪತ್ತು ವರ್ಷ ಸರ್."

"ಏನು?"

"ನೀವು ಪಾಠ ಹೇಳಕ್ಕೆ ಶುರು ಮಾಡಿ ಇಪ್ಪತ್ತು."

"ಹೌದಲ್ಲ," ಎಂದು ಅವರು ನಕ್ಕರು. ಧಾರಿಣಿಯೂ ನಕ್ಕಳು. ಆಮೇಲೆ, "ಹಳದಿ ಕೋಟಿನವಳು ಮಾತ್ರ ನಿಜವಾಗ್ಲೂ ಇದ್ಲು ಸರ್. ನಾನು ನೋಡ್ದೆ," ಎಂದಳು.

"ಇದ್ದಳು ಅಂತ ನನಗೂ ಗೊತ್ತದ," ಎಂದು ಅವರು ಮಡಿಸಿದ್ದ ಕೋಲು ಬಿಚ್ಚಿ ಮನೆಯ ದಾರಿ ಹಿಡಿದರು.

ಧಾರಿಣಿ ಮೆಟ್ರೊ ಹತ್ತಿದಳು, ಕಶ್ಮೀರಿ ಗೇಟಿನಲ್ಲಿ ಬದಲಾಯಿಸಿದಳು, ಆಮೇಲೆ ಬಸ್ಸು. ಮನೆ ಮುಟ್ಟಿದಾಗ ಆರೂವರೆ. ಕೇಂದ್ರ ಸರ್ಕಾರದ ಹಳದಿ ಬಳಿದ ಕ್ವಾರ್ಟರ್ಸಿನ ಮೊದಲ ಮಹಡಿ. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಅವಳ ಅಪ್ಪ ಮುರಳೀಧರ ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೂಲಂಗಿ ಹೆಚ್ಚುತ್ತಿದ್ದ. ಕುಕ್ಕರಿನಲ್ಲಿ ಬೇಳೆ ಇತ್ತು. ಟೀವಿಯಲ್ಲಿ ಸುದ್ದಿ ಓಡುತ್ತಿತ್ತು, ಸದ್ದು ತೆಗೆದಿತ್ತು.

"ಬಂದ್ಯಾ? ಊಟಕ್ಕೆ ಹುಳಿ ಮಾಡ್ತಿದೀನಿ. ಹೊಟ್ಟೆ ಹಸಿದಿದ್ರೆ ಡಬ್ಬೀಲಿ ಬ್ರೆಡ್ ಇದೆ ನೋಡು."

"ಬೇಡ." ಅವಳು ಚಪ್ಪಲಿ ಬಿಟ್ಟು, ಕೈ ತೊಳೆದು ಅವನ ಎದುರಿಗೆ ಕೂತಳು.

"ಸಿನಿಮಾ ಹೇಗಿತ್ತಂತೆ ನಿಮ್ಮ ಮೇಷ್ಟ್ರಿಗೆ?"

"ಸದ್ದು ಜಾಸ್ತಿ ಇತ್ತು."

ಮುರಳೀಧರ ತಲೆಯಾಡಿಸಿ ಇನ್ನೊಂದು ಮೂಲಂಗಿ ತೆಗೆದುಕೊಂಡ. ಅವರಿಬ್ಬರ ಮಾತು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತಿತ್ತು. ಗ್ಯಾಸ್ ಬುಕ್ ಮಾಡಿದೆಯಾ, ನೀರು ಬಂತಾ, ಬಸ್ ಸಿಕ್ಕಿತಾ. ಬಾಂಬು ಸಿಡಿದ ಮೇಲೆ ಅವಳನ್ನು ಪಕ್ಕದ ಮನೆಯ ಪಂಜಾಬಿಗಳ ಹತ್ತಿರ ಬಿಟ್ಟು ಅವನು ಎರಡು ದಿನ ಆಸ್ಪತ್ರೆಗಳನ್ನು ಸುತ್ತಿದ್ದ. ಸೋಮವಾರ ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು, "ಸಿಕ್ಕಿದಳು," ಎಂದಿದ್ದ. ಬಿಳಿಯ ಬಟ್ಟೆ ಸುತ್ತಿ ಮನೆಗೆ ತಂದ ದೇಹವನ್ನು ಬಿಚ್ಚಿ ನೋಡಲು ಯಾರೂ ಅವಳನ್ನು ಬಿಟ್ಟಿರಲಿಲ್ಲ. ಆ ಒಂದು ಮಾತಿನ ಆಚೆಗೆ ಅವನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಅಪ್ಪ, ಅವತ್ತು ಅಮ್ಮ ಹೋಗೋವಾಗ ನಾನು ನೋಡ್ಲಿಲ್ಲ."

ಚಾಕು ನಿಂತಿತು.

"ಇಲ್ಲೇ ಇರು ಅಂದ್ಲು. ನಾನು ಓಲೆ ನೋಡ್ತಿದ್ದೆ. ತಿರುಗಿ ನೋಡ್ಲಿಲ್ಲ. ಅದಕ್ಕೆ ಅವತ್ತು ಅಮ್ಮನ ಮುಖ ಹೇಗಿತ್ತು ಅಂತ ನಂಗೆ ಗೊತ್ತಿಲ್ಲ. ಬೆಳಿಗ್ಗೇದು ಗೊತ್ತು. ಆಮೇಲಿಂದು ಗೊತ್ತಿಲ್ಲ."

ಕುಕ್ಕರ್ ಒಂದು ಸಲ ಕೂಗಿತು. ಇಬ್ಬರೂ ಅದು ಮುಗಿಯುವವರೆಗೆ ಕಾದರು.

"ನೀನು ನೋಡ್ದೆ ಅಲ್ವಾ," ಎಂದಳು ಧಾರಿಣಿ. "ಹೇಳು. ಎಲ್ಲಾ ಹೇಳು."

ಮುರಳೀಧರ ಚಾಕುವನ್ನು ಪೇಪರಿನ ಮೇಲೆ ಇಟ್ಟ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿ, ಸಿಗದೆ, ಪೈಜಾಮಕ್ಕೇ ಒರೆಸಿಕೊಂಡ. ಹೇಳುವುದಿಲ್ಲವೇನೋ ಎಂದುಕೊಂಡಳು ಅವಳು.

"ಮೊದಲು ಗೋಡೆಗೆ ಒಂದು ಪಟ್ಟಿ ಅಂಟಿಸಿದ್ರು," ಎಂದ ಕೊನೆಗೆ. "ಅದರಲ್ಲಿ ಹೆಸರಿರಲಿಲ್ಲ. ಬೇರೆ ಆಸ್ಪತ್ರೆಗೆ ಹೋಗಿ ಅಂದ್ರು. ಅಲ್ಲೂ ಇರಲಿಲ್ಲ. ಭಾನುವಾರ ರಾತ್ರಿ ಮೊದಲಿನ ಕಡೆಗೇ ಬಂದೆ. ಒಂದು ಉದ್ದನೆಯ ಕೋಣೆ. ಬಿಹಾರದ ಹುಡುಗ ಒಬ್ಬ ಬಟ್ಟೆ ಎತ್ತಿ ಎತ್ತಿ ತೋರಿಸ್ತಿದ್ದ. ನಾನು ಮುಖ ಬೇಡ, ಕಾಲು ತೋರಿಸು ಅಂದೆ."

"ಯಾಕೆ?"

"ಕಾಲಾದ್ರೆ ಗುರುತು ಸಿಗುತ್ತೆ ಅಂತ. ಅವಳ ಹಿಮ್ಮಡಿ ಒಡೀತಿತ್ತಲ್ಲ, ಚಳಿ ಶುರುವಾದ ಕೂಡ್ಲೆ? ಅವತ್ತು ಬೆಳಿಗ್ಗೆ ಮುಲಾಮು ತಂದ್ಕೊಟ್ಟಿದ್ದೆ. ಹಚ್ಕೊಂಡು, ಮೇಲೆ ಬಟ್ಟೆ ಕಟ್ಕೊಂಡು, ಇದೇ ಜಾಗದಲ್ಲಿ ಕೂತಿದ್ಲು."

"ಹ್ಞೂಂ. ಕೂತಿದ್ಲು."

"ಆ ಬಟ್ಟೆ ಹಾಗೇ ಇತ್ತು. ಬಲಗಾಲಿಗೆ. ಗಂಟು ಕೂಡ ಬಿಚ್ಚಿರಲಿಲ್ಲ." ಅವನು ತನ್ನ ಹಿಮ್ಮಡಿಯನ್ನೇ ಮುಟ್ಟಿ ತೋರಿಸಿದ. "ಇಲ್ಲಿ."

"ಮುಖ?"

"ನೋಡ್ದೆ. ಆಮೇಲೆ ನೋಡ್ದೆ." ಮುರಳೀಧರ ಎದ್ದು ಗ್ಯಾಸ್ ಸಣ್ಣ ಮಾಡಿ ಬಂದು ಅದೇ ಜಾಗದಲ್ಲಿ ಕೂತ. "ಹೇಳ್ತೀನಿ ಇರು. ಒಂದೊಂದೇ ಹೇಳ್ತೀನಿ."

ಧಾರಿಣಿ ಅರ್ಧ ಉಳಿದಿದ್ದ ಮೂಲಂಗಿಯನ್ನು ತನ್ನ ಕಡೆ ಎಳೆದುಕೊಂಡು ಚಾಕು ತೆಗೆದುಕೊಂಡಳು. ಅಪ್ಪ ಹೇಳುತ್ತ ಹೋದ. ತೆಳ್ಳಗಿನ ಬಿಳಿ ಬಿಲ್ಲೆಗಳು ಪೇಪರಿನ ಮೇಲೆ ಒಂದರ ಪಕ್ಕ ಒಂದು ಬೀಳುತ್ತಿದ್ದವು. ಅವುಗಳ ನೀರಿಗೆ ಪೇಪರಿನ ಅಕ್ಷರಗಳು ನಿಧಾನವಾಗಿ ಹರಡತೊಡಗಿದ್ದವು.